ಹಳೇ ಬಿಎಂಡಬ್ಲ್ಯೂ 320ಡಿ ತಗೊಳ್ಳೋದಾ, ಹೊಸ ಫೋಕ್ಸ್‌ವ್ಯಾಗನ್ ವರ್ಟಸ್ ಕಾರು ತಗೊಳ್ಳೋದಾ? ತುಮಕೂರಲ್ಲಿ ಇಟ್ಕೊಂಡು ಓಡ್ಸಕ್ಕೆ

ಕೊಬ್ಬರಿ_ಹುಡ್ಗ, ತುಮಕೂರು:

ಎಲ್ರಿಗೂ ನಮಸ್ಕಾರ. ಮೂರು ವಾರದಿಂದ ಇದೇ ತಲೇಲಿ ಓಡ್ತಿದೆ, ಮನೇಲಿ ಕೇಳಿದ್ರೆ ಬೈತಾರೆ, ಫ್ರೆಂಡ್ಸ್ ಕೇಳಿದ್ರೆ ನಗ್ತಾರೆ, ಅದಕ್ಕೆ ಇಲ್ಲಿ ಹಾಕ್ತಿದೀನಿ. ಉದ್ದ ಆಯ್ತು ಅಂತ ಬೇಜಾರಾಗ್ಬೇಡಿ.

ನಾನಿರೋದು ಬಟವಾಡಿ ಹತ್ರ, ಕೆಲ್ಸ ದಾಬಸ್‌ಪೇಟೇಲಿ, ದಿನಾ ಹೋಗಿ ಬರೋದು ಸೇರಿ ಹತ್ತತ್ರ 45 ಕಿ.ಮೀ. ಆಗುತ್ತೆ. ಹದಿನೈದು ದಿನಕ್ಕೊಂದ್ಸಲ ತಿಪಟೂರು ಕಡೆ ತೋಟಕ್ಕೆ ಹೋಗ್ಲೇಬೇಕು, ಮೇನ್ ರೋಡ್ ಬಿಟ್ಮೇಲೆ ಮೂರು ಕಿ.ಮೀ. ಮಣ್ಣು ದಾರಿ, ಮಧ್ಯೆ ಒಂದು ಹಳ್ಳ ಬೇರೆ. ಈಗಿರೋದು 2012ರ ಸಣ್ಣ ಹ್ಯಾಚ್‌ಬ್ಯಾಕು. ಪಾಪ ಅದು ಮಾಡ್ಬೇಕಾದಷ್ಟು ಸೇವೆ ಮಾಡಿದೆ, ಈಗ ಎಸಿ ಹಾಕ್ಕೊಂಡು ದೇವರಾಯನದುರ್ಗ ಹತ್ತು ಅಂದ್ರೆ ಹತ್ತಲ್ಲ.

ಕಥೆ ಏನಂದ್ರೆ ಬೆಂಗಳೂರಲ್ಲಿ ಒಬ್ರು ಸೆಕೆಂಡ್ ಹ್ಯಾಂಡ್ ಡೀಲರ್ ಹತ್ರ 2013ರ ಬಿಎಂಡಬ್ಲ್ಯೂ 320ಡಿ ನೋಡ್ದೆ. ಕಪ್ಪು ಕಲರು, ಬೆಂಗಳೂರು ರಿಜಿಸ್ಟ್ರೇಶನ್ನೇ, ಸೆಕೆಂಡ್ ಓನರ್, ಮೀಟರ್ 78 ಸಾವಿರ ತೋರಿಸ್ತಿದೆ, 9.25 ಲಕ್ಷ ಹೇಳ್ತಿದಾರೆ, ಕೂತು ಮಾತಾಡಿದ್ರೆ 8.75ಕ್ಕೆ ಬರ್ತಾರೆ ಅನ್ಸುತ್ತೆ. ಹೊಸದ್ರಲ್ಲಿ ಮೂವತ್ತು ಲಕ್ಷದ ಗಾಡಿ ಸ್ವಾಮಿ! ಡೋರ್ ಹಾಕಿದ್ರೆ ಧಪ್ ಅಂತ ಒಂದು ಶಬ್ದ ಬರುತ್ತಲ್ಲ, ಅದನ್ನ ಕೇಳಕ್ಕೇ ಐದಾರು ಸಲ ತೆಗ್ದು ತೆಗ್ದು ಹಾಕ್ದೆ, ಡೀಲರ್ ಹುಡ್ಗ ನಕ್ಕ.

ಇನ್ನೊಂದು ಕಡೆ ಹೊಸ ವರ್ಟಸ್ 1.0, ಅಂದ್ರೆ ಒಂದು ಲೀಟರ್ ಇಂಜಿನ್ದು. ಮಧ್ಯದ ವೇರಿಯೆಂಟ್ ತಗೊಂಡ್ರೂ ಆನ್ ರೋಡ್ 15 ದಾಟುತ್ತೆ. ನನ್ನತ್ರ ಕೈಯಲ್ಲಿರೋದು 9 ಲಕ್ಷ, ಮಿಕ್ಕಿದ್ದು ಲೋನ್. ಅಂದ್ರೆ ಒಂದು ಕಡೆ ಸಾಲ ಇಲ್ದೆ ಬಿಎಂಡಬ್ಲ್ಯೂ, ಇನ್ನೊಂದು ಕಡೆ ಐದು ವರ್ಷ ಕಂತು ಕಟ್ಕೊಂಡು ಎಲ್ರ ಹತ್ರಾನೂ ಇರೋ ಕಾರು.

ನಮ್ಮಪ್ಪಂಗೆ 68, ಮಂಡಿ ನೋವು. ಸಿದ್ಧಗಂಗೆ ಜಾತ್ರೇಲಿ ನಲವತ್ತು ವರ್ಷ ಎತ್ತು ವ್ಯಾಪಾರ ಮಾಡಿರೋ ಮನುಷ್ಯ. ಫೋಟೋ ತೋರಿಸ್ದೆ, ಅರ್ಧ ನಿಮಿಷ ನೋಡಿ, "ಎತ್ತಾದ್ರೆ ಬಾಯಿ ಬಿಡ್ಸಿ ಹಲ್ಲು ನೋಡಿ ವಯಸ್ಸು ಹೇಳ್ತೀವಿ. ಇದಕ್ಕೆ ಹಲ್ಲು ಎಲ್ಲೈತೋ?" ಅಂದ್ರು. ಅಷ್ಟೇ, ಎದ್ದು ಹೋದ್ರು.

ಓಡ್ಸಿದ ಅನುಭವ ಇರೋರು ಹೇಳಿ ಪ್ಲೀಸ್. "ದುಡ್ಡಿದ್ರೆ ತಗೋ ಇಲ್ದಿದ್ರೆ ಬಿಡು" ಅನ್ನೋ ಥರದ ಉತ್ತರ ಬೇಡ.


ನಂದಿ_ಸವಾರ, ಚಿಕ್ಕಬಳ್ಳಾಪುರ:

ಗುರು ಇದ್ರಲ್ಲಿ ಕೇಳೋದೇನಿದೆ, 320ಡಿ ತಗೋ. 184 ಕುದುರೆ ಶಕ್ತಿ, 380 ನ್ಯೂಟನ್ ಮೀಟರ್ ಟಾರ್ಕ್ (ಎಳ್ಯೋ ಬಲ), 8 ಗೇರಿನ ಝಡ್‌ಎಫ್ ಕಂಪನಿ ಆಟೋಮ್ಯಾಟಿಕ್, ಹಿಂದಿನ ಚಕ್ರಕ್ಕೆ ಪವರ್ರು. ವರ್ಟಸ್ 1.0ದಲ್ಲಿ ಮೂರು ಸಿಲಿಂಡರು, 115 ಪಿಎಸ್ (ಹೆಚ್ಚೂಕಮ್ಮಿ ಅಷ್ಟೇ ಕುದುರೆ), 178 ಟಾರ್ಕು. ಹೋಲಿಕೆ ಎಲ್ಲಿಂದ ಮಾಡ್ತೀಯ? ಭಾನುವಾರ ಬೆಳಿಗ್ಗೆ ಐದೂವರೆಗೆ ಎನ್‌ಹೆಚ್-44ರಲ್ಲಿ ಬಾಗೇಪಲ್ಲಿ ಕಡೆ ಹೋಗು, ರೋಡ್ ಖಾಲಿ ಇರುತ್ತೆ, ಆ ಸ್ಟೀರಿಂಗ್ ಹಿಡ್ಕೊಂಡ್ರೆ ಗೊತ್ತಾಗುತ್ತೆ ಕಾರು ಅಂದ್ರೆ ಏನು ಅಂತ. ನಮ್ ಗ್ಯಾಂಗಲ್ಲಿ ಇಬ್ರ ಹತ್ರ ಇದೆ, ಹೈವೇಲಿ ಹದಿನಾರು ಹದಿನೇಳು ಮೈಲೇಜ್ ಬರುತ್ತೆ ಅದೂ ಆ ಪವರ್ ಇಟ್ಕೊಂಡು.

ಸೇಫ್ಟಿ ಅಂತೀಯಾ, ಈ ಮಾಡೆಲ್ 2012ರಲ್ಲೇ ಯೂರೋ ಎನ್‌ಕ್ಯಾಪ್ ಕ್ರ್ಯಾಶ್ ಟೆಸ್ಟಲ್ಲಿ 5 ಸ್ಟಾರ್ ತಗೊಂಡಿದೆ. ವರ್ಟಸ್‌ಗೂ ಗ್ಲೋಬಲ್ ಎನ್‌ಕ್ಯಾಪ್ 5 ಸ್ಟಾರ್ ಇದೆ 2023ರಲ್ಲಿ ಸಿಕ್ಕಿದ್ದು, ಇಲ್ಲ ಅನ್ನಲ್ಲ. ಆದ್ರೆ ರೋಡಲ್ಲಿ ಕೂತ್ಕೊಳ್ಳೋ ರೀತಿನೇ ಬೇರೆ. ವೀಲ್‌ಬೇಸ್ (ಮುಂದಿನ ಹಿಂದಿನ ಚಕ್ರದ ಮಧ್ಯದ ದೂರ) ನೋಡು, 2810 ಮಿ.ಮೀ., ವರ್ಟಸ್ದು 2651.

ನಲವತ್ತು ದಾಟಿದ್ಮೇಲೆ ಮಕ್ಳು ಫೀಸು, ಸೈಟು, ಮನೆ ಅಂತ ಶುರುವಾಗುತ್ತೆ. ಆಸೆ ಪಟ್ಟಿದ್ನ ಈಗ ಬಿಟ್ರೆ ಬಿಟ್ಟಂಗೇ. ಸಾಲಾನೂ ಇಲ್ಲ ಅಂತೀಯ, ಇನ್ನೇನು?


ಸ್ಪ್ಯಾನರ್_ಅಣ್ಣ, ತುಮಕೂರು:

ನೋಡಪ್ಪ ತಮ್ಮ, ನಂದು ಇಲ್ಲೇ ಗುಬ್ಬಿ ಗೇಟ್ ಕಡೆ ಗ್ಯಾರೇಜು, ಇಪ್ಪತ್ತೆರಡು ವರ್ಷ ಆಯ್ತು. ಮಾರುತಿ, ಹುಂಡೈ, ಟೊಯೋಟಾ ಜಾಸ್ತಿ, ಅಪ್ರೂಪಕ್ಕೆ ಯಾರಾದ್ರೂ ದೊಡ್ಡ ಗಾಡಿ ತಂದ್ರೆ ನಾನೇ ಬೆಂಗಳೂರಿಗೆ ಕಳಿಸ್ತೀನಿ. ಮೊದ್ಲು ಅದೇ ವಿಷಯ ತಿಳ್ಕೊ. ಗಾಡಿ ಬೆಲೆ ಮೂವತ್ತರಿಂದ ಒಂಬತ್ತಕ್ಕೆ ಇಳ್ದಿದೆ, ಅದ್ರ ಪಾರ್ಟ್ಸ್ ಬೆಲೆ ಇಳ್ದಿಲ್ಲ, ಏರಿದೆ. ನೀನು ಕೊಡ್ತಿರೋದು ವರ್ಟಸ್ ಬೇಸ್ ಮಾಡೆಲ್‌ಗಿಂತ ಕಮ್ಮಿ ದುಡ್ಡು, ಸಾಕ್ಬೇಕಾಗಿರೋದು ಮಾತ್ರ ಮೂವತ್ತು ಲಕ್ಷದ ಗಾಡೀನ.

ಆ ವರ್ಷದ 320ಡಿ ಇಂಜಿನ್‌ಗೆ ಎನ್47 ಅಂತಾರೆ. ಒಳ್ಳೆ ಇಂಜಿನ್ನೇ, ಎಳ್ಯೋದ್ರಲ್ಲಿ ಮಾತಿಲ್ಲ. ಆದ್ರೆ ಟೈಮಿಂಗ್ ಚೈನ್ (ಇಂಜಿನ್ ವಾಲ್ವ್‌ಗಳನ್ನ ಸರಿಯಾದ ಟೈಮಿಗೆ ಆಡಿಸೋ ಸರಪಳಿ) ಇರೋದು ಇಂಜಿನ್ ಹಿಂಭಾಗದಲ್ಲಿ, ಗೇರ್‌ಬಾಕ್ಸ್ ಕಡೆಗೆ. ಬೇರೆ ಗಾಡೀಲಿ ಮುಂದಿನ ಕವರ್ ಬಿಚ್ಚಿ ಮಾಡೋ ಕೆಲ್ಸಕ್ಕೆ ಇದ್ರಲ್ಲಿ ಗೇರ್‌ಬಾಕ್ಸ್ ಇಳಿಸ್ಬೇಕು ಇಲ್ಲಾ ಇಂಜಿನ್ನೇ ಇಳಿಸ್ಬೇಕು. ಚೈನಿಗಿಂತ ಕೂಲಿಯೇ ಜಾಸ್ತಿ. ಚೈನ್ ಸವೆದಿದ್ರೆ ಬೆಳಿಗ್ಗೆ ಮೊದಲ ಸ್ಟಾರ್ಟಲ್ಲಿ ಡ್ಯಾಶ್‌ಬೋರ್ಡ್ ಕಡೆಯಿಂದ ಗರಗರ ಅಂತ ಉಜ್ಜಿದ ಸೌಂಡ್ ಬರುತ್ತೆ. ಅದಕ್ಕೆ ನೋಡಕ್ಕೆ ಹೋಗೋ ದಿನ ಹೇಳ್ದೇ ಹೋಗು, ಹೋದ ತಕ್ಷಣ ಬಾನೆಟ್ ಮೇಲೆ ಕೈ ಇಡು. ಬಿಸಿ ಇದ್ರೆ ಆಗ್ಲೇ ಸ್ಟಾರ್ಟ್ ಮಾಡಿ ಇಟ್ಟಿದಾರೆ ಅಂತ ಅರ್ಥ, ವಾಪಸ್ ಬಾ.

ಗೇರ್‌ಬಾಕ್ಸ್ ಆಯಿಲ್ "ಲೈಫ್‌ಟೈಮ್, ಚೇಂಜ್ ಮಾಡೋದೇ ಬೇಡ" ಅಂತ ಡೀಲರ್ ಹೇಳ್ತಾನೆ. ಯಾರ ಲೈಫು? ಝಡ್‌ಎಫ್ ಕಂಪನಿಯೋರೇ 80 ಸಾವಿರದಿಂದ 1.2 ಲಕ್ಷ ಕಿ.ಮೀ. ಒಳಗೆ ಚೇಂಜ್ ಮಾಡಿ ಅಂತಾರೆ. ಅದ್ರ ಕೆಳಗಿನ ಆಯಿಲ್ ಚೇಂಬರ್ ಪ್ಲಾಸ್ಟಿಕ್ಕು, ಫಿಲ್ಟರ್ ಅದ್ರೊಳಗೇ ಅಂಟ್ಕೊಂಡಿರುತ್ತೆ, ಹಂಗಾಗಿ ಆಯಿಲ್ ಜೊತೆ ಚೇಂಬರೂ ಹೊಸದೇ ಹಾಕ್ಬೇಕು. ಬ್ಯಾಟರಿ ಹೋದ್ರೆ ಅಂಗಡಿಯಿಂದ ತಂದು ಕೂರಿಸಿ ಮುಗೀತು ಅನ್ನಂಗಿಲ್ಲ, ಕಂಪ್ಯೂಟರ್ ಹಾಕಿ ಗಾಡಿಗೆ ಹೊಸ ಬ್ಯಾಟರಿ ಬಂತು ಅಂತ ರಿಜಿಸ್ಟರ್ ಮಾಡ್ಸಬೇಕು, ಇಲ್ದಿದ್ರೆ ಹಳೇ ಬ್ಯಾಟರಿ ಲೆಕ್ಕದಲ್ಲೇ ಚಾರ್ಜ್ ಕೊಡ್ತಾ ಹೋಗುತ್ತೆ. ಇನ್ನು ಸ್ಟೆಪ್ನಿ. ಇಲ್ಲ! ರನ್‌ಫ್ಲಾಟ್ ಟೈರು, ಗಾಳಿ ಹೋದ್ರೂ 80 ಸ್ಪೀಡ್ ಮೀರದಂಗೆ 80 ಕಿ.ಮೀ. ಹೋಗ್ಬೋದು. ಅಷ್ಟರೊಳಗೆ ಟೈರ್ ಅಂಗಡಿ ಸಿಗ್ಬೇಕು, ಸಿಕ್ಕಿದ್ರೂ ಆ ಸೈಜಿನ ರನ್‌ಫ್ಲಾಟ್ ಇಟ್ಟಿರಬೇಕು. ಒಂದಕ್ಕೆ ಹದಿನೈದು ಸಾವಿರದ ಮೇಲೇನೇ.

ರಬ್ಬರು ಪ್ಲಾಸ್ಟಿಕ್ಕು ಕಿ.ಮೀ. ನೋಡಲ್ಲ, ವರ್ಷ ನೋಡುತ್ತೆ. ಬುಷ್ಷು, ಇಂಜಿನ್ ಮೌಂಟಿಂಗು, ಕೂಲೆಂಟ್ ಪೈಪು, ಇವೆಲ್ಲ ಹನ್ನೆರಡು ವರ್ಷಕ್ಕೆ ಒಂದೊಂದಾಗಿ ಹೇಳಕ್ಕೆ ಶುರು ಮಾಡ್ತವೆ. ರಿಪೇರಿ ಅಂದ್ರೆ ಫ್ಲಾಟ್‌ಬೆಡ್ ಮೇಲೆ 70 ಕಿ.ಮೀ. ಬೆಂಗಳೂರಿಗೆ. ದುಡ್ಡಿನ ಮಾತು ಬಿಡು, ನಿಂಗೆ ದಿನಾ ಡ್ಯೂಟಿಗೆ ಹೋಗಕ್ಕೆ ಇರೋದು ಇದೊಂದೇ ಕಾರು. ಗಾಡಿ ಹತ್ತು ದಿನ ಬೆಂಗಳೂರಲ್ಲಿ ಕೂತ್ರೆ ಆ ಹತ್ತು ದಿನ ನೀನು ಹೆಂಗೆ ಹೋಗ್ತೀಯ?

ವರ್ಟಸ್ ಬಗ್ಗೆ ನಂಗೆ ದೊಡ್ಡ ಪ್ರೀತಿ ಏನಿಲ್ಲ. ಅದೂ ಟರ್ಬೋ ಡೈರೆಕ್ಟ್ ಇಂಜೆಕ್ಷನ್ನು, ಡಿಜೈರ್ ಥರ ನನ್ ಗ್ಯಾರೇಜಲ್ಲಿ ಎರಡು ಸ್ಪ್ಯಾನರ್ ತಗೊಂಡು ಮುಗಿಸೋ ಗಾಡಿ ಅಲ್ಲ. ಆದ್ರೆ ವಾರಂಟಿ ಇರುತ್ತೆ, ಗ್ರೌಂಡ್ ಕ್ಲಿಯರೆನ್ಸ್ 179 ಮಿ.ಮೀ., ನಿಮ್ಮ ತೋಟದ ಹಳ್ಳ ದಾಟುತ್ತೆ. 320ಡಿ ಆ ಹಳ್ಳಕ್ಕೆ ಇಳಿದ್ರೆ ಆಯಿಲ್ ಚೇಂಬರ್ ಕಲ್ಲಿಗೆ ಮುತ್ತು ಕೊಡುತ್ತೆ.

ನಿಮ್ಮ ತಂದೆ ಕೇಳಿದ್ದು ಸರಿಯಾಗೇ ಇದೆ. ಈ ಗಾಡಿಗೂ ಹಲ್ಲು ಐತೆ. ಡೀಲರ್ ಮೀಟರ್ ತಿರುಗಿಸ್ಬೋದು, ಆದ್ರೆ ಒಳಗೆ ಬೇರೆ ಬೇರೆ ಕಂಪ್ಯೂಟರ್ ಇರ್ತವೆ, ಹಳೇ ಫಾಲ್ಟ್ ಏನಾದ್ರೂ ಉಳ್ದಿದ್ರೆ ಅದು ಎಷ್ಟು ಕಿ.ಮೀ. ಆದಾಗ ಬಂತು ಅಂತ ಅದ್ರ ಪಕ್ಕದಲ್ಲೇ ಬರ್ದಿರುತ್ತೆ. ಅದನ್ನ ಅಳಿಸೋದು ಸುಮಾರು ಜನ ಮರೀತಾರೆ. ಬಿಎಂಡಬ್ಲ್ಯೂ ಗೊತ್ತಿರೋ ಹೊರಗಿನ ವರ್ಕ್‌ಶಾಪಲ್ಲಿ ಫುಲ್ ಸ್ಕ್ಯಾನ್ ಮಾಡ್ಸು. ಮೂರ್ನಾಲ್ಕು ಸಾವಿರ ಹೋಗುತ್ತೆ, ಹೋಗ್ಲಿ.


ಟೊಮ್ಯಾಟೊ_ಮಂಡಿ, ಕೋಲಾರ:

ಅಣ್ಣ ಹೇಳಿದ್ದು ಓದಿ ನನ್ ಹೊಟ್ಟೆ ಮತ್ತೆ ಉರೀತು. ನಂದೂ ಇದೇ ಕಥೆ ಕಣಪ್ಪ. 2023 ಜುಲೈನಲ್ಲಿ ನೆನಪೈತಾ, ಟೊಮ್ಯಾಟೊ 15 ಕೆಜಿ ಬಾಕ್ಸು ಕೋಲಾರ ಮಾರ್ಕೆಟ್ಟಲ್ಲಿ ಎರಡು ಸಾವಿರ ದಾಟಿತ್ತಲ್ಲ, ಆ ದುಡ್ಡು ಕೈಗೆ ಬಂದ್ಮೇಲೆ ಮೈಮೇಲೆ ದೆವ್ವ ಬಂದಂಗಾಗಿ ಒಂದು ಹಳೇ ಲಕ್ಷುರಿ ಸೆಡಾನ್ ತಗೊಂಡೆ. ಯಾವ ಕಂಪನಿ ಅಂತ ಕೇಳ್ಬೇಡಿ ಹೇಳಲ್ಲ, ತಪ್ಪು ಕಂಪನಿದಲ್ಲ, ನಂದು. ಹನ್ನೊಂದು ವರ್ಷ ಹಳೇದು, ಮುಂಚಿನ ಓನರ್ ಕೊನೇ ಎರಡು ವರ್ಷ ಏನೂ ಮಾಡ್ಸಿರ್ಲಿಲ್ಲ, ಅದಕ್ಕೇ ಮಾರ್ತಿದ್ದ ಅಂತ ನಂಗೆ ಆಮೇಲೆ ಗೊತ್ತಾಯ್ತು.

ಮೊದಲ ಎರಡು ತಿಂಗಳು ಸ್ವರ್ಗ. ಶ್ರೀನಿವಾಸಪುರದಲ್ಲಿ ನಮ್ ಮಾವನ ಮನೆ ಮುಂದೆ ನಿಲ್ಸಿದ್ರೆ ಬೀದಿ ಹುಡುಗ್ರೆಲ್ಲ ಸೆಲ್ಫಿ. ಮಾವ ಆವತ್ತಿಂದ "ಬನ್ನಿ ಅಳಿಯಂದ್ರೆ" ಅನ್ನೋಕೆ ಶುರು ಮಾಡಿದ್ರು, ಅದಕ್ಕೆ ಮುಂಚೆ ಬರೀ "ಬಾಪ್ಪ".

ಮೂರನೇ ತಿಂಗಳು ಮುಳಬಾಗಿಲು ದಾಟಿ ರಾತ್ರಿ ಹತ್ತೂವರೆಗೆ ಟೆಂಪರೇಚರ್ ಲೈಟ್ ಕೆಂಪಗಾಯ್ತು. ನಿಲ್ಸಿ ನೋಡ್ತೀನಿ ಕೂಲೆಂಟ್ ಎಲ್ಲ ರೋಡ್ ಮೇಲೆ. ಒಂದು ಪ್ಲಾಸ್ಟಿಕ್ ಪೈಪು ಬಿಸ್ಕೆಟ್ ಥರ ಮುರ್ದೋಗಿತ್ತು, ನನ್ ಕಿರುಬೆರಳಷ್ಟು ಉದ್ದ. ಅದ್ರ ಜೊತೆ ಪಂಪು, ಥರ್ಮೋಸ್ಟಾಟು ಎಲ್ಲ ಒಟ್ಟಿಗೆ ಚೇಂಜ್ ಮಾಡ್ಬೇಕು ಅಂದ್ರು ಬೆಂಗಳೂರಲ್ಲಿ. ಫ್ಲಾಟ್‌ಬೆಡ್ಡು ಸೇರಿ 74 ಸಾವಿರ. ಪಾರ್ಟ್ ಬರಕ್ಕೆ ಹದಿನಾರು ದಿನ. ಆ ಹದಿನಾರು ದಿನ ನಾನು ಮಂಡಿಗೆ ಹೋಗಿದ್ದು ಲೋಡ್ ಹೊಡ್ಯೋ ಪಿಕಪ್ಪಲ್ಲಿ ಡ್ರೈವರ್ ಪಕ್ಕ ಕೂತ್ಕೊಂಡು. ಅಲ್ಲಿ ಹಮಾಲರು ಕೇಳೋರು, "ಸಾಮಿ ಕಾರು ಎಲ್ಲೋಯ್ತು?"

ಆಮೇಲೆ ಏರ್‌ಬ್ಯಾಗ್ ಲೈಟು, ಆಮೇಲೆ ಒಂದು ಕಿಟಕಿ ಇಳಿದದ್ದು ಮೇಲೆ ಬರ್ಲಿಲ್ಲ ಅದೂ ಮಳೆಗಾಲದಲ್ಲಿ. ಹದಿನಾಲ್ಕು ತಿಂಗಳಲ್ಲಿ 2.3 ಲಕ್ಷ ಖರ್ಚು, ಮಾರಿದಾಗ ತಗೊಂಡಿದ್ದಕ್ಕಿಂತ 3 ಲಕ್ಷ ಕಮ್ಮಿ. ಈಗ ಇರೋದು ಡಿಜೈರು. ಮಾವ ಮತ್ತೆ "ಬಾಪ್ಪ" ಅಂತಾರೆ.

ಆದ್ರೂ ಒಂದು ನಿಜ ಹೇಳ್ಲಾ? ಆ ಕಾರಲ್ಲಿ ರಾತ್ರಿ ಒಬ್ನೇ ಬೆಂಗಳೂರಿಂದ ಬರೋದು ಈಗ್ಲೂ ಕನಸಲ್ಲಿ ಬರ್ತದೆ.


ಅನು_ಎಸ್, ಗೌರಿಬಿದನೂರು:

ನಾನು ಇನ್ಶೂರೆನ್ಸ್ ಫೀಲ್ಡಲ್ಲಿ ಇರೋಳು, ಆ ಕಡೆಯಿಂದ ಹೇಳ್ತೀನಿ ಯಾಕಂದ್ರೆ ಯಾರೂ ಹೇಳ್ಲಿಲ್ಲ. ಹನ್ನೆರಡು ವರ್ಷದ ಗಾಡಿಗೆ ಝೀರೋ ಡೆಪ್ (ಸವಕಳಿ ಕಟ್ ಮಾಡ್ದೆ ಕ್ಲೇಮ್ ಕೊಡೋ ಕವರ್) ಸಿಗೋದು ಕಷ್ಟ. ಅದಿಲ್ಲ ಅಂದ್ರೆ ಕ್ಲೇಮಲ್ಲಿ ಪ್ಲಾಸ್ಟಿಕ್ಕು ರಬ್ಬರು ಪಾರ್ಟ್‌ಗೆ ಅರ್ಧ ಕಟ್, ಹತ್ತು ವರ್ಷ ದಾಟಿದ ಗಾಡಿ ಆದ್ರೆ ಕಬ್ಬಿಣದ ಪಾರ್ಟ್‌ಗೂ ಅರ್ಧ ಕಟ್. ಗ್ಲಾಸ್‌ಗೆ ಮಾತ್ರ ಕಟ್ ಇಲ್ಲ. ಅಂದ್ರೆ ಹಿಂದಿಂದ ಯಾವನೋ ಬೈಕ್ ಹುಡ್ಗ ಗುದ್ದಿ ಬಂಪರ್ ಒಡೆದ್ರೆ ಅರ್ಧ ದುಡ್ಡು ನಿಮ್ಮ ಜೇಬಿಂದ, ಅದೂ ಬಿಎಂಡಬ್ಲ್ಯೂ ಬಂಪರ್ ರೇಟಲ್ಲಿ. ಪ್ರೀಮಿಯಂ ಕಮ್ಮಿ ಬಂತು ಅಂತ ಖುಷಿ ಪಡೋರು ಇದನ್ನ ನೋಡಲ್ಲ.

2013ರ ಗಾಡಿ 2028ಕ್ಕೆ 15 ವರ್ಷ ಮುಗಿಸುತ್ತೆ. ಆಮೇಲೆ ಎಫ್‌ಸಿ ಮಾಡ್ಸಿ ಐದೈದು ವರ್ಷಕ್ಕೆ ರಿಜಿಸ್ಟ್ರೇಶನ್ ರಿನ್ಯೂವಲ್, 2022ರ ಏಪ್ರಿಲ್‌ನಲ್ಲಿ ಅದ್ರ ಫೀಸು 5000 ಆಗಿತ್ತು, ಮೇಲೆ ಗ್ರೀನ್ ಟ್ಯಾಕ್ಸು. ಇದು ದೊಡ್ಡ ಖರ್ಚಲ್ಲ, ಆದ್ರೆ ಆಗ ಮಾರಕ್ಕೆ ಹೋದ್ರೆ ತಗೊಳ್ಳೋರು ಬೇಕಲ್ಲ. ಡೆಲ್ಲಿ ಗಾಡಿ ಅಲ್ಲ ಅನ್ನೋದೊಂದು ಪುಣ್ಯ. ಅಲ್ಲಿ ಡೀಸೆಲ್‌ಗೆ ಹತ್ತೇ ವರ್ಷ ಅಂತ ಕಡಿಮೆಗೆ ಕೊಡ್ತಿದ್ರು, ಇಲ್ಲಿ ತಂದು ಎನ್‌ಓಸಿ, ಲೈಫ್ ಟ್ಯಾಕ್ಸ್ ಅಂತ ಓಡಾಡೋ ಹೊತ್ತಿಗೆ ಉಳಿಸಿದ್ದು ಹೋಗಿರ್ತಿತ್ತು.

ಹೊಸದ್ರಲ್ಲೂ ಕಣ್ಮುಚ್ಕೊಂಡು ಹೋಗ್ಬೇಡಿ ಮತ್ತೆ. 2025 ಸೆಪ್ಟೆಂಬರ್ 22ರಿಂದ ವರ್ಟಸ್, ಹೋಂಡಾ ಸಿಟಿ, ಹುಂಡೈ ವರ್ನಾ ಥರದ ಸೆಡಾನ್‌ಗೆ ಸೆಸ್ ಸೇರಿ 45 ಇದ್ದ ಟ್ಯಾಕ್ಸು 40 ಆಯ್ತು. ನಾಲ್ಕು ಮೀಟರ್ ಒಳಗಿರೋ ಡಿಜೈರ್ ಪೆಟ್ರೋಲ್‌ಗೆ 29ರಿಂದ 18. ಅದ್ರ ಮೇಲೆ ನಮ್ಮ ಕರ್ನಾಟಕದ ಲೈಫ್ ಟ್ಯಾಕ್ಸು, ಹತ್ತು ಲಕ್ಷ ದಾಟಿದ್ರೆ 17 ಪರ್ಸೆಂಟು. ಹಂಗಾಗಿನೇ ನಿಮ್ಮ 15 ಲಕ್ಷ ಆಗ್ತಿರೋದು. 2022-23ರ ವರ್ಟಸ್ ಇಲ್ಲಾ ಸಿಟಿ ಸೆಕೆಂಡ್ ಹ್ಯಾಂಡ್ ಹುಡುಕಿ, ಟ್ಯಾಕ್ಸ್ ಹೊಡೆತ ಮೊದಲ್ನೇ ಓನರ್ ತಿಂದಿರ್ತಾನೆ, ನಿಮ್ಮ ಕೈಲಿರೋ 9 ಲಕ್ಷದ ಆಸುಪಾಸಲ್ಲೇ ಮುಗ್ಯುತ್ತೆ. ನಾನೇ ಮಾಡಿದ್ದು ಅದು. ಸಿಟಿ ಸಿವಿಟಿ (ಅದೂ ಒಂಥರ ಆಟೋಮ್ಯಾಟಿಕ್ಕೇ), 121 ಪಿಎಸ್ಸು, ಎಳೆತದಲ್ಲಿ ಮಜಾ ಇಲ್ಲ ನಿಜ, ಜೋರಾಗಿ ಒತ್ತಿದ್ರೆ ಮಿಕ್ಸಿ ಥರ ಕೂಗುತ್ತೆ. ಆದ್ರೆ ಮೂರು ವರ್ಷದಲ್ಲಿ ಸರ್ವಿಸ್ ಬಿಟ್ಟು ಒಂದು ವೈಪರ್ ಬ್ಲೇಡ್ ಚೇಂಜ್ ಮಾಡಿದೀನಿ.

ಇನ್ನೊಂದು, ನಿಮ್ಮ ತಂದೇನ ಕರ್ಕೊಂಡು ಹೋಗಿ ಎರಡರಲ್ಲೂ ಕೂರ್ಸಿ ಇಳಿಸಿ. ನಮ್ಮತ್ತೆಗೂ ಮಂಡಿ ನೋವು, ತಗ್ಗಿನ ಸೀಟಿಂದ ಏಳೋವಾಗ ಡೋರ್ ಹಿಡ್ಕೊಂಡು "ರಾಮಾ" ಅಂತಾರಲ್ಲ, ಅದು ಯಾವ ಬ್ರೋಶರಲ್ಲೂ ಬರೆದಿರಲ್ಲ.


ನಂದಿ_ಸವಾರ:

ಎಲ್ರೂ ಸೇರ್ಕೊಂಡು ಹುಡುಗನ್ನ ಹೆದರಿಸ್ತಿದೀರ. ಚೆನ್ನಾಗಿ ಮೇಂಟೇನ್ ಮಾಡಿರೋ ಗಾಡಿ ಸಿಕ್ರೆ ಇದ್ಯಾವ್ದೂ ಆಗಲ್ಲ. ನಮ್ ಗ್ಯಾಂಗ್ ಗಾಡಿಗಳು ಮೂರು ವರ್ಷದಿಂದ ಆರಾಮಾಗಿ ಓಡ್ತಿವೆ.


ಸ್ಪ್ಯಾನರ್_ಅಣ್ಣ:

ಅವ್ರ ಮನೇಲಿ ಇನ್ನೊಂದು ಕಾರು ಐತಾ ಇಲ್ವಾ, ಅದನ್ನ ಹೇಳಪ್ಪ.


ನಂದಿ_ಸವಾರ:

ಇಬ್ರ ಹತ್ರಾನೂ ಇನ್ನೋವಾ ಇದೆ. ಸರಿ ಬಿಡಿ ಅಣ್ಣ ಗೊತ್ತಾಯ್ತು.


ಕೊಬ್ಬರಿ_ಹುಡ್ಗ:

ಅಪ್‌ಡೇಟ್ ಕೊಡಕ್ಕೆ ಲೇಟಾಯ್ತು, ತೋಟದಲ್ಲಿ ಕಾಯಿ ಕೀಳ್ಸೋದಿತ್ತು.

ಶನಿವಾರ ಹೇಳ್ದೇ ಹೋದೆ, ಅಪ್ಪನ್ನೂ ಕರ್ಕೊಂಡು. ಅನು ಮೇಡಂ ಹೇಳಿದಂಗೆ ಮೊದ್ಲು ಕೂರ್ಸಿದೆ. ಕೂತ್ರು, ಸೀಟ್ ಸವರಿದ್ರು, "ಚೆನ್ನಾಗೈತೆ" ಅಂದ್ರು. ಇಳಿಯಕ್ಕೆ ನನ್ ಭುಜ ಬೇಕಾಯ್ತು. ಬಾನೆಟ್ ಮೇಲೆ ಕೈ ಇಟ್ಟೆ, ತಣ್ಣಗಿತ್ತು. ಸ್ಟಾರ್ಟ್ ಮಾಡಿದ್ರೆ ಗರಗರ ಇಲ್ಲ, ಅಥವಾ ಇತ್ತೇನೋ ನಂಗೆ ಕೇಳಿಸ್ಲಿಲ್ಲ, ಮನ್ಸು ಬಂದ ಕಡೆ ಕಿವಿ ಕೇಳಿಸಲ್ಲ ಅಲ್ವಾ. ಓಡ್ಸಿದೆ. ಅಯ್ಯೋ, ಆ ಓಡಾಟದ ಬಗ್ಗೆ ಬರೆಯಲ್ಲ ಬಿಡಿ.

ಸ್ಕ್ಯಾನ್ ಮಾಡ್ಸಬೇಕು ಅಂದೆ. ಡೀಲರ್ ಮುಖ ಸ್ವಲ್ಪ ಬದಲಾಯ್ತು, "ಸಾರ್ ನಮ್ದೇ 150 ಪಾಯಿಂಟ್ ಚೆಕ್ ರಿಪೋರ್ಟ್ ಇದೆ" ಅಂದ. ನಾನು ಬಿಡ್ಲಿಲ್ಲ, ಅವರ ಹುಡ್ಗನ್ನೇ ಜೊತೇಲಿ ಕೂರಿಸ್ಕೊಂಡು ಒಂದು ವರ್ಕ್‌ಶಾಪಿಗೆ ತಗೊಂಡು ಹೋದ್ವಿ. ಲ್ಯಾಪ್‌ಟಾಪ್ ಸಿಕ್ಕಿಸಿದ್ರು. ಸುಮಾರು ಹಳೇ ಫಾಲ್ಟ್ ಇದ್ವು, ಎಲ್ಲ ಸಣ್ಣ ಪುಟ್ಟದ್ದೇ. ಕೆಳಗೆ ಹೋಗ್ತಾ ಹೋಗ್ತಾ ಒಂದು ಕಡೆ ಆ ಮೆಕ್ಯಾನಿಕ್ ಬೆರಳಿಟ್ರು, ಏನೂ ಮಾತಾಡ್ಲಿಲ್ಲ. ಯಾವುದೋ ಹಿಂದಿನ ಸೆನ್ಸರ್ ಫಾಲ್ಟು, ಬಂದಿದ್ದು 1,31,000 ಕಿ.ಮೀ.ನಲ್ಲಿ. ಮೀಟರ್‌ನಲ್ಲಿರೋದು 78 ಸಾವಿರ!

ಅಪ್ಪಂಗೆ ವಿವರಿಸಿದೆ. ಸ್ಕ್ರೀನ್ ಹತ್ರ ಬಗ್ಗಿ ನೋಡಿದ್ರು, ಅವ್ರಿಗೆ ಇಂಗ್ಲಿಷ್ ಬರಲ್ಲ, ಅಂಕಿ ಬರುತ್ತೆ. "ಆರು ಹಲ್ಲು ಅಂತ ಹೇಳಿ ಹಲ್ಲೆಲ್ಲ ಬಂದು ಬಾಯ್ಗೂಡಿರೋ ವಯಸ್ಸಾದ್ದನ್ನ ತೋರ್ಸವ್ನೆ" ಅಂದು, ಡೀಲರ್ ಹುಡ್ಗನ ಕಡೆ ತಿರುಗಿ, "ನಿಂದೇನು ತಪ್ಪಿಲ್ಲ ಬಿಡಪ್ಪ, ಟೀ ಕುಡ್ಕೊಂಡು ಹೋಗಣ ಬಾ" ಅಂದ್ರು. ಆ ಹುಡ್ಗ ಟೀ ಕುಡೀಲಿಲ್ಲ.

ಈಗ ಅನು ಮೇಡಂ ದಾರಿ ಹಿಡ್ದಿದೀನಿ. ತುಮಕೂರು ರಿಜಿಸ್ಟ್ರೇಶನ್ನಿಂದೇ ಒಂದು 2022ರ ವರ್ಟಸ್ ಇದೆ, 1.0 ಆಟೋಮ್ಯಾಟಿಕ್, ಒಬ್ರೇ ಓನರ್, ಸರ್ವಿಸ್ ರೆಕಾರ್ಡ್ ಪೂರ್ತಿ ಇದೆ, 41 ಸಾವಿರ ಓಡಿದೆ, 10.4 ಕೇಳ್ತಿದಾರೆ. ಅಣ್ಣ, ಇದನ್ನ ನಿಮ್ಮ ಗ್ಯಾರೇಜಿಗೆ ತಂದ್ರೆ ಒಂದ್ಸಲ ನೋಡ್ತೀರಾ?


ಸ್ಪ್ಯಾನರ್_ಅಣ್ಣ:

ಮಂಗಳವಾರ ಬಿಟ್ಟು ಯಾವತ್ತಾದ್ರೂ ಬಾ. ಬೆಳಿಗ್ಗೆ ಹತ್ತರೊಳಗೆ, ಇಂಜಿನ್ ತಣ್ಣಗಿರ್ಬೇಕು. ಆಟೋಮ್ಯಾಟಿಕ್ ಅಂತೀಯ, ರಿವರ್ಸ್‌ಗೆ ಹಾಕಿದಾಗ ಜರ್ಕ್ ಐತಾ ನೋಡ್ಕೊಂಡು ಬಾ. ನಿಮ್ಮಪ್ಪನ್ನೂ ಕರ್ಕೊಂಡು ಬಾ, ಮಾತಾಡ್ಬೇಕು, ನಮ್ಮೂರಲ್ಲಿ ಒಂದು ಜೊತೆ ಕರ ಐತೆ ಕೊಡೋದು.


ಟೊಮ್ಯಾಟೊ_ಮಂಡಿ:

ಆ ಕಪ್ಪು ಗಾಡಿ ಇನ್ನೂ ಅಲ್ಲೇ ಐತಾ? ಸುಮ್ನೆ ಕೇಳ್ದೆ ಅಷ್ಟೆ.


ಅನು_ಎಸ್:

ನಿಮ್ಮ ಮಾವನ ನಂಬರ್ ಕಳಿಸಿ, ನಾನು ಮಾತಾಡ್ತೀನಿ.